ಮೆಟ್ರಿಕ್ ಆಗದ ಇಂಗ್ಲಿಷ್ ಮಾಸ್ತರರು

ಬೈಲಹೊಂಗಲದ ಪಾದ್ರಿ ಸಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಯೋನಪ್ಪ ಮಾಸ್ತರರ ಗಂಟಲು ಎಂಥದ್ದೆಂದರೆ, ಅವರು ಪಾಠ ಶುರುಮಾಡಿದರೆ ಮುರಗೋಡದ ದಾರಿ ಹಿಡಿದ ಎತ್ತುಗಳು ಕಿವಿ ನಿಗುರಿಸಿ ನಿಲ್ಲುತ್ತಿದ್ದವು. ತರಗತಿಯಲ್ಲಿ ಕನ್ನಡ ಆಡಿದವನ ಕಿವಿ ಹಿಂಡದೆ ಬಿಡುತ್ತಿರಲಿಲ್ಲ. ಸಂತೆಯಲ್ಲೂ ಇಂಗ್ಲಿಷಿನಲ್ಲೇ ಚೌಕಾಸಿ. ಬೆಲ್ಲ ಮಾರುವ ಬೀರವ್ವ, "ಯಪ್ಪಾ ಮಾಸ್ತರ, ಬೈತೀರೋ ಹರಸ್ತೀರೋ ತಿಳೀವಲ್ದು, ಬೆಲ್ಲಾ ಅಷ್ಟು ಒಯ್ರಿ" ಎಂದು ಕೈಮುಗಿಯುತ್ತಿದ್ದಳು. ಇಷ್ಟಿದ್ದೂ ಮಾಸ್ತರರು ಮೆಟ್ರಿಕ್ ಆಗಿರಲಿಲ್ಲ. ವರ್ಷವರ್ಷವೂ ತಮ್ಮ ಹುಡುಗರ ಜೊತೆ ಒಂದೇ ಚಕ್ಕಡಿಯಲ್ಲಿ ಧಾರವಾಡಕ್ಕೆ ಹೋಗಿ, ಅದೇ ಪರೀಕ್ಷೆಗೆ ಕುಳಿತು, ಇಂಗ್ಲಿಷಿನಲ್ಲಿ ಸಲೀಸಾಗಿ ದಾಟಿ, ಗಣಿತದಲ್ಲಿ ಮುಗ್ಗರಿಸಿ ಬರುತ್ತಿದ್ದರು. ಈ ಸಲ ಪಾಸಾಗದಿದ್ದರೆ ಇಂಗ್ಲಿಷ್ ತರಗತಿ ಬೇರೆಯವರಿಗೆ ಎಂದು ಪಾದ್ರಿಗಳು ಹೇಳಿದ ವರ್ಷವೂ ದಾರಿಯುದ್ದಕ್ಕೂ ಹುಡುಗರಿಂದ ಪಾಠ ಒಪ್ಪಿಸಿಕೊಂಡರೇ ಹೊರತು ತಮ್ಮ ಗಣಿತದ ಪುಸ್ತಕ ಬಿಚ್ಚಲಿಲ್ಲ. "ನಿಮ್ಮ ಗಣಿತ ಯಾವಾಗ್ರೀ?" ಎಂದು ಶಿಷ್ಯ ಉಳವಪ್ಪ ಕೇಳಿದ್ದಕ್ಕೆ, "ಬಾಯಿ ಮುಚ್ಚು, ಮುಂದಿಂದು ಹೇಳು" ಎಂದು ಗದರಿದರು. ಉಳವಪ್ಪ ಪಾಸಾದ, ಮಾಸ್ತರರು ಆಗಲಿಲ್ಲ. ಪಾದ್ರಿಗಳು ಇಂಗ್ಲಿಷ್ ತರಗತಿಯನ್ನು ಉಳವಪ್ಪನಿಗೇ ಕೊಟ್ಟು, ಮಾಸ್ತರರನ್ನು ಅಕ್ಷರ ತಿದ್ದುವ ಸಣ್ಣ ಮಕ್ಕಳ ಕಡೆ ಕಳಿಸಿದರು. ಮೊದಲ ದಿನ ಹುಡುಗರ ಗದ್ದಲದಲ್ಲಿ ಉಳವಪ್ಪನ ದನಿ ಅಡಗಿಹೋಗಿತ್ತು. ಮಾಸ್ತರರು ಒಳಗೆ ಬಂದು, ಕೊನೆಯ ಬೆಂಚಿನ ಮೇಲೆ ಹುಡುಗರ ನಡುವೆ ಕುಳಿತರು. ತರಗತಿ ಗಪ್ಪಾಯಿತು. ಉಳವಪ್ಪ ಕೈಕಟ್ಟಿ ನಿಂತುಬಿಟ್ಟ. "ಹಂಗ್ಯಾಕ ನಿಂತ್ರಿ ಮಾಸ್ತರ?" ಎಂದರು ಯೋನಪ್ಪ, "ಪಾಠ ಚಾಲೂ ಮಾಡ್ರಿ."