ಬಾರ್ಡರ್ ಪಾಲಯ್ಯ

ಬಾಂಗ್ಲಾ ಗಡಿಯ ಕಾವಲು ಮುಗಿಸಿ ತನ್ನೂರು ಬಿ.ಜಿ. ಕೆರೆಗೆ ಮರಳಿದ ದೊಡ್ಡಪಾಲಯ್ಯನಿಗೆ ತನ್ನ ಶೇಂಗಾ ಹೊಲದ ಬದುವೂ ಬಾರ್ಡರೇ. ಬೆಳಗಾದರೆ ಬೂಟು ಮೆಟ್ಟಿ ಗಸ್ತು ತಿರುಗುತ್ತಾನೆ. "ಒಬ್ರು ಕಾದ್ರೆ ಗಡಿ ಅಲ್ಲ ಕಣವ್ವಾ, ಇಬ್ರೂ ಕಾಯ್ಬೇಕು" ಎಂದು ಆಚೆ ಹೊಲದ ಸೂರಮ್ಮನನ್ನೂ ಎಬ್ಬಿಸುತ್ತಾನೆ. ಅವಳ ಮೇಕೆಮರಿ ಇತ್ತ ನುಗ್ಗಿದರೆ ಕಲ್ಲು ಬೀರುವವನಲ್ಲ. ಸೀಟಿ ಊದಿ, ಅವಳನ್ನು ಬದುವಿಗೆ ಕರೆಸಿ, ಸೆಟೆದು ನಿಂತು, ಮರಿಯನ್ನು ಎರಡೂ ಕೈಯಲ್ಲಿ ಒಪ್ಪಿಸುತ್ತಾನೆ. ಅದಕ್ಕೂ ಮೊದಲು ಮರಿಗೆ ನೀರು ಕುಡಿಸಿರುತ್ತಾನೆ. "ಕದ್ದು ಮೇಯಾಕೆ ಬಂದಿದ್ದಕ್ಕೆ ಉಪಚಾರ ಬೇರೆ ಐತಾ!" ಎಂದು ಸೂರಮ್ಮ ಒಮ್ಮೆ ನಕ್ಕಳು. ಅವನು ನಗಲಿಲ್ಲ. ಎದೆಯುಬ್ಬಿಸಿ ಹೇಳಿದ: "ಬಾರ್ಡರ್‌ನಾಗೆ ದಾರಿ ತಪ್ಪಿ ಬಂದ ಮಕ್ಳನ್ನ ಈ ಕಡೆಯಿಂದ ನಾನು, ಆ ಕಡೆಯಿಂದ ಅವರ ಸಿಪಾಯಿ ಹಿಂಗೇ ಒಪ್ಪಿಸ್ತಿದ್ವಿ. ನಮ್ಮ ಗೇಟಿನಾಗೆ ಒಂದು ಮಗೂನೂ ಬಾಯಾರಿ ವಾಪಸ್ ಹೋಗಿಲ್ಲ ಕಣವ್ವಾ."