ಒದ್ದೆ ಕಾಲಿಗೆ ಒಗ್ಗುವ ನೆಲ

ನಮ್ಮ ಮನೆಯ ಹಳೆಯ ನೆಲದ ಮೇಲೆ ನನಗೆ ಮದುವೆಯಾಗಿ ಬಂದ ದಿನದಿಂದಲೂ ಸಿಟ್ಟಿತ್ತು. ಕೆಂಪು ಗಾರೆ ನೆಲ. ಅಲ್ಲಲ್ಲಿ ಬಿರುಕು, ಬಿರುಕಿನ ತುಂಬ ಇರುವೆ. ಎಷ್ಟು ಒರೆಸಿದರೂ ಒರೆಸಿದ್ದು ಗೊತ್ತಾಗುತ್ತಿರಲಿಲ್ಲ. ನಾನೋ ಒರೆಸಿದ್ದು ನಾಲ್ಕು ಜನಕ್ಕೆ ಗೊತ್ತಾಗಲೇಬೇಕು ಅನ್ನುವ ಜಾತಿಯವಳು. ನ್ಯಾಮತಿಯ ನಮ್ಮ ಬೀದಿಯಲ್ಲಿ ಒಂದೊಂದೇ ಮನೆಗೆ ಟೈಲ್ಸ್ ಬರುತ್ತಿದ್ದ ಹಾಗೆ ನನ್ನ ಹೊಟ್ಟೆಕಿಚ್ಚೂ ಏರುತ್ತ ಹೋಯಿತು. ಅರಿಶಿನ ಕುಂಕುಮಕ್ಕೆ ಹೋದವಳು ಆ ಮನೆಯ ದೇವರಿಗಿಂತ ಮೊದಲು ನೆಲ ನೋಡುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾದರೂ ನಿಜ.

ಮನೆಯಲ್ಲಿ ಇರುವುದು ಮೂವರು. ಶಾಲೆಗೆ ಪಾಠ ಮಾಡಲು ಹೋಗುವ ನಾನು, ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಯಜಮಾನರು, ಅವರ ತಾಯಿ. ನನ್ನ ಅತ್ತೆಗೆ ಎಪ್ಪತ್ತು ದಾಟಿದೆ. ಮೈಯಲ್ಲಿ ಮೂಳೆ ಬಿಟ್ಟರೆ ಹೆಚ್ಚೇನಿಲ್ಲ, ಆದರೆ ಬೆಳಗಾದರೆ ಅವರಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಹಿತ್ತಲಿಗೆ ಹೋಗಿ ಕರಿಬೇವು ತರಬೇಕು, ಒಳಗೆ ಬಂದು ದೇವರ ದೀಪ ನೋಡಬೇಕು, ಮತ್ತೆ ಹೊರಗೆ ಹೋಗಿ ಬೀದಿಯ ಸಮಾಚಾರ ವಿಚಾರಿಸಬೇಕು. ಪ್ರತಿ ಸಲ ಒಳಗೆ ಬರುವ ಮುಂಚೆ ಜಗಲಿಯ ಪಕ್ಕದ ತೊಟ್ಟಿಯಿಂದ ಒಂದು ಚೊಂಬು ನೀರು ಮೊಗೆದು ಕಾಲು ತೊಳೆಯಬೇಕು. ನಮ್ಮ ಕಡೆ ಹಾಗೇ. ಹೊಲದಿಂದ ಬರಲಿ, ಬಜಾರಿನಿಂದ ಬರಲಿ, ಕಾಲಿಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ. ದಾಟುವುದೂ ಒದ್ದೆ ಕಾಲಲ್ಲೇ. ಬಾಗಿಲಲ್ಲಿ ಮ್ಯಾಟು ಹಾಕಿದೆನಲ್ಲ, ಒರೆಸಿಕೊಂಡು ಬನ್ನಿ ಎಂದು ನಾನೊಮ್ಮೆ ಹೇಳಿದ್ದೆ.

"ಊರೋರೆಲ್ಲ ತುಳ್ದಿರೋ ಬಟ್ಟೆಗೆ ತೊಳ್ದ ಕಾಲು ಒರೆಸ್ಕಂಡ್ರೆ, ತೊಳ್ದು ಏನು ಬಂತು ಕಣವ್ವಾ?" ಎಂದಿದ್ದರು. ಮ್ಯಾಟು ಬಾಗಿಲಲ್ಲೇ ಉಳಿಯಿತು, ಅವರು ಅದನ್ನು ದಾಟಿಕೊಂಡೇ ಬರುತ್ತಿದ್ದರು.

ಕೊನೆಗೂ ಒಂದು ಬೇಸಿಗೆ ರಜೆಯಲ್ಲಿ ನನ್ನ ಹಟ ಗೆದ್ದಿತು. ಹೊನ್ನಾಳಿಯ ಟೈಲ್ಸ್ ಅಂಗಡಿಗೆ ಮೂವರೂ ಹೋದೆವು. ನಾನು ತಯಾರಾಗಿಯೇ ಹೋಗಿದ್ದೆ. ಎಲ್ಲ ಪೆಟ್ಟಿಗೆಯೂ ಒಂದೇ ಸಲ ತಯಾರಾದ ಮಾಲಾಗಿರಬೇಕು, ಇಲ್ಲದಿದ್ದರೆ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಬರುತ್ತದೆ. ಎರಡು ಟೈಲ್ಸ್ ಮುಖಕ್ಕೆ ಮುಖ ಕೊಟ್ಟು ಹಿಡಿದರೆ ಮಧ್ಯೆ ಸಂದು ಕಾಣಬಾರದು, ಕಂಡರೆ ಅದು ಸೊಟ್ಟ. ಮುಂದೆ ಒಡೆದರೆ ಬೇಕಾಗುತ್ತದೆಂದು ಒಂದು ಪೆಟ್ಟಿಗೆ ಹೆಚ್ಚಿಗೆ ತಂದು ಅಟ್ಟದಲ್ಲಿಡಬೇಕು. ಹಳೆಯ ನೆಲದ ಮೇಲೇ ಹಾಕಿಸಿದರೆ ನೆಲ ಎತ್ತರವಾಗಿ ಬಾಗಿಲು ತಾಗುತ್ತದೆ, ಹೊಸ್ತಿಲು ಹೂತುಹೋಗುತ್ತದೆ. ಹಾಗಾಗಿ ಹಳೆಯದನ್ನು ಅಗೆಸುವುದೇ ಮೇಲು. ಇಷ್ಟೆಲ್ಲ ಬೀದಿಯ ಹೆಂಗಸರನ್ನು ಕೇಳಿ ಕೇಳಿ ಕಲಿತಿದ್ದೆ. ಅಂಗಡಿಯವನು ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದ ಒಂದು ಬಿಳಿ ಟೈಲನ್ನು ಬಟ್ಟೆಯಿಂದ ಒರೆಸಿದಾಗ ಅದರಲ್ಲಿ ನನ್ನ ಮುಖವೇ ಕಂಡಿತು. ಅಲ್ಲಿಗೆ ನನ್ನ ಕಲಿಕೆ ಮುಗಿಯಿತು, ನಾನು ಬಿದ್ದುಹೋದೆ.

ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಅಂಗಡಿಯವನು ಕೊಟ್ಟ ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಒಂದೇ ಒಂದು ಮಾತು ಕೇಳಿದರು: "ಇದರ ಮ್ಯಾಲೆ ನೀರು ಬಿದ್ರೆ ಹೆಂಗಪ್ಪಾ?"

"ಏನೂ ಆಗಲ್ಲ ಅಮ್ಮಾ, ಒಂದು ಹನಿ ಕುಡಿಯಲ್ಲ. ಒರೆಸಿದ್ರೆ ಹೊಸದರಂಗೆ ಆಗ್ತೈತೆ," ಎಂದ ಅವನು. ಅತ್ತೆ ತಲೆಯಾಡಿಸಿದರು. ನಮ್ಮ ಮೂವರಲ್ಲಿ ಕೇಳಬೇಕಾದ್ದನ್ನು ಕೇಳಿದವರು ಅವರೊಬ್ಬರೇ. ನಾನು ಆಗಲೇ ಪೆಟ್ಟಿಗೆ ಎಣಿಸುತ್ತಿದ್ದೆ.

ಕೆಲಸಕ್ಕೆ ಸಾಸ್ವೆಹಳ್ಳಿಯ ಮೇಸ್ತ್ರಿ ಬಂದರು. ಮಾತು ಕಡಿಮೆ, ಕೈ ಬಹಳ ಶುದ್ಧ. ಪ್ರತಿ ಸಾಲಿಗೂ ರಸಮಟ್ಟ ಇಟ್ಟು ಏರುಪೇರು ನೋಡುವರು, ಕೂರಿಸಿದ ಟೈಲ್ಸಿನ ಮೇಲೆ ಬೆರಳಗೆಣ್ಣಿನಿಂದ ತಟ್ಟಿ ಟೊಳ್ಳು ಸದ್ದು ಬಂದರೆ ಕಿತ್ತು ಮತ್ತೆ ಹಾಕುವರು. ಬಾಗಿಲ ಹತ್ತಿರ ಶುರುಮಾಡುವ ಮುಂಚೆ ಅವರು ತೊಟ್ಟಿಯನ್ನೂ ಚೊಂಬನ್ನೂ ಒಂದು ಸಲ ನೋಡಿದರು.

"ಅಕ್ಕಾ, ಕಾಲು ತೊಳ್ಕಂಡು ಒಳಗೆ ಬರೋ ಜಾಗದಾಗಾದ್ರೂ ಒರಟು ಟೈಲ್ಸ್ ಹಾಕಾಣೇನ್ರಿ? ಚನ್ನಗಿರಿಯಾಗೆ ಒಂದು ಮನೇಲಿ ಹಿಂಗೇ ನುಣ್ಣಂದು ಹಾಕಿ, ಆಮೇಲೆ ಅದರ ಮ್ಯಾಲೆ ಗೋಣಿಚೀಲ ಹಾಸ್ಕಂಡವ್ರೆ."

"ಬೇಡ್ರಿ, ಮ್ಯಾಚ್ ಆಗಲ್ಲ," ಎಂದೆ ನಾನು. ಅಷ್ಟು ಗತ್ತಿನಿಂದ ನಾನು ಹೆಡ್‌ಮಾಸ್ಟರ ಹತ್ತಿರವೂ ಮಾತಾಡಿದವಳಲ್ಲ. ಮೇಸ್ತ್ರಿ ರಸಮಟ್ಟ ಎತ್ತಿಕೊಂಡು ಅಲ್ಲೂ ಬಿಳಿ ಟೈಲ್ಸನ್ನೇ ಕೂರಿಸಿದರು.

ರಜೆ ಮುಗಿಯುವ ಹೊತ್ತಿಗೆ ನೆಲವೂ ಮುಗಿಯಿತು. ಅವತ್ತು ನಾನು ಮನೆಯೊಳಗೆ ಸುಮ್ಮನೆ ನಾಲ್ಕು ಸುತ್ತು ಓಡಾಡಿದೆ. ಬಂದವರೆಲ್ಲ ಹೊಗಳಿದರು. ಅತ್ತೆಯೂ "ಚಂದ ಐತೆ ಕಣವ್ವಾ, ಹಾಲು ಚೆಲ್ಲಿದಂಗೈತೆ," ಎಂದರು. ಆದರೆ ಎರಡು ಮೂರು ವಾರ ಕಳೆಯುವುದರೊಳಗೆ ಅವರ ಸಾಮಾನು ಒಂದೊಂದಾಗಿ ಹೊರಗೆ ಹೊರಟಿತು. ಮೊದಲು ಎಲೆಅಡಿಕೆ ಡಬ್ಬಿ ಜಗಲಿಗೆ ಹೋಯಿತು. ಆಮೇಲೆ ಅಕ್ಕಿ ಆರಿಸುವ ಮೊರ, ಆಮೇಲೆ ಚಾಪೆ. ಊಟದ ತಟ್ಟೆಯನ್ನೂ ಅಲ್ಲಿಗೇ ಕೇಳತೊಡಗಿದರು. ಯಾಕೆ ಎಂದರೆ, "ಹೊರಗೆ ಗಾಳಿ ಐತೆ," ಅನ್ನುವರು.

ನನಗೆ ಉರಿಯಿತು. ಇಷ್ಟು ವರ್ಷ ಕಾದು ಹಾಕಿಸಿದ ನೆಲವನ್ನು ಇವರು ಬೇಕೆಂದೇ ತುಳಿಯುತ್ತಿಲ್ಲ, ನನ್ನ ಆಸೆಗೆ ಹೀಗೆ ಮೌನವಾಗಿ ಬಯ್ಯುತ್ತಿದ್ದಾರೆ ಎಂದುಕೊಂಡೆ. ಸಾಲದ್ದಕ್ಕೆ ನಡುಮನೆಯ ಹೊಸ ಸುಣ್ಣದ ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಉದ್ದಕ್ಕೂ ಒಂದು ಮಾಸಲು ಗೆರೆ ಮೂಡುತ್ತಿತ್ತು. ಭಾನುವಾರ ಭಾನುವಾರ ಅದನ್ನು ಒರೆಸುತ್ತ, "ಗೋಡೆ ಸವರಿಕೊಂಡು ಓಡಾಡೋ ಅಭ್ಯಾಸ ಯಾರಿಗಿದೆಯೋ ಕಾಣೆ," ಎಂದು ಜಗಲಿಗೆ ಕೇಳುವಷ್ಟು ಜೋರಾಗಿ ಗೊಣಗಿದೆ.

ಅದಾಗಿ ನಾಲ್ಕು ದಿನಕ್ಕೆ ಅತ್ತೆ ಜಗಳೂರಿನ ಮಗಳ ಮನೆಗೆ ಹೊರಟರು. ಒಂದು ವಾರ ಎಂದವರು ತಿಂಗಳಾದರೂ ಬರಲಿಲ್ಲ. ಒಂದು ದಿನ ನನ್ನ ನಾದಿನಿಯೇ ಫೋನ್ ಮಾಡಿದಳು.

"ಅತ್ತಿಗೆ, ಅವ್ವ ಇನ್ನು ಇಲ್ಲೇ ಇರ್ತೀನಿ ಅಂತಾಳೆ. ನನಗೇನೂ ಬ್ಯಾಸರ ಇಲ್ಲ. ಆದ್ರೆ ನಿಮ್ಮಿಬ್ಬರ ನಡುವೆ ಏನಾಗೈತೆ?"

ಏನೂ ಆಗಿಲ್ಲ ಎಂದೆ. ಫೋನ್ ಇಟ್ಟ ಮೇಲೆ ಜಗಲಿಗೆ ಹೋಗಿ ಕೂತೆ. ಸಿಟ್ಟೆಲ್ಲ ಇಳಿದು ಭಯ ಶುರುವಾಯಿತು. ಅತ್ತೆಯಿಲ್ಲದ ಮನೆ ನನಗೆ ಗೊತ್ತೇ ಇರಲಿಲ್ಲ. ಬಯ್ಯುವವರಿಲ್ಲದೆ ನಾನು ಸಾರಿಗೆ ಹುಳಿ ಹಾಕುವುದನ್ನೇ ಮರೆಯುತ್ತಿದ್ದೆ. ಅವರು ಹಿಂತಿರುಗಿ ಬರದೇ ಹೋದರೆ ಅನ್ನುವ ಯೋಚನೆ ಬಂದದ್ದೇ ಯಜಮಾನರಿಗೂ ಹೇಳದೆ ಮಾರನೆಯ ದಿನ ರಜೆ ಹಾಕಿ ಬಸ್ಸು ಹತ್ತಿದೆ.

ನಾದಿನಿಯ ಮನೆಯದು ಚಪ್ಪಡಿ ಕಲ್ಲಿನ ನೆಲ, ಉಳಿಯ ಏಟು ಇನ್ನೂ ಕಾಣುವಂಥದ್ದು. ನಾನು ಗೇಟು ತೆರೆಯುವ ಹೊತ್ತಿಗೆ ಅತ್ತೆ ಹಿತ್ತಲಿನಿಂದ ಬಂದು ಕಾಲು ತೊಳೆಯುತ್ತಿದ್ದರು. ತೊಳೆದು, ನೀರು ತೊಟ್ಟಿಕ್ಕುವ ಕಾಲಲ್ಲೇ, ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಸರಸರ ಅಡಿಗೆಮನೆಗೆ ನಡೆದರು. ಗೋಡೆ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ನನ್ನ ಮನೆಯಲ್ಲಿ ಗೋಡೆಯ ಮೇಲೆ ಮೂಡುತ್ತಿದ್ದ ಗೆರೆ ಯಾತರದ್ದೆಂದು ಆಗ ತಿಳಿಯಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಅತ್ತೆ, ನಮ್ಮನೇಲಿ ಜಾರಿ ಬಿದ್ದಿದ್ರಾ?" ಎಂದು ಕೇಳಿದೆ. ಬಂದೆಯಾ, ಕೂತ್ಕೋ ಅನ್ನುವ ಮಾತಿಗೂ ಅವಕಾಶ ಕೊಡಲಿಲ್ಲ.

ಮೊದಲು ಇಲ್ಲ ಎಂದರು. ನಾನು ಬಿಡಲಿಲ್ಲ. ಆಮೇಲೆ ಹೇಳಿದರು: "ಒಂದೇ ಸಲ ಕಣವ್ವಾ. ನೀನು ಸ್ಕೂಲಿಗೆ ಹೋಗಿದ್ದೆ, ಅವನು ಅಂಗಡಿಯಾಗಿದ್ದ. ಕಾಲು ತೊಳ್ಕಂಡು ಬಂದೆ, ನಡುಮನೆಯಾಗೆ ಸರ್ರಂತ ಜಾರಿ ಹೋತು. ಒಂದು ಗಳಿಗೆ ಅಲ್ಲೇ ಕೂತಿದ್ದು, ಎದ್ದು, ಸೆರಗಿನಾಗೆ ನೆಲ ಒರೆಸಿದೆ. ಏನೂ ಮುರೀಲಿಲ್ಲ. ಆದ್ರೆ ಅವತ್ತಿಂದ ಕಾಲಿಗೆ ಧೈರ್ಯ ಇಲ್ಲ."

"ಒಂದು ಮಾತು ಹೇಳಬಾರದಾಗಿತ್ತಾ?"

"ನೀನು ಅಷ್ಟು ಆಸೆಪಟ್ಟು ಹಾಕ್ಸಿದ್ದೆ. ನೆಲ ನೋಡಿ ಕುಣೀತಿದ್ದೆ. ಹೆಂಗೆ ಹೇಳಾಕೆ ಬಾಯಿ ಬರುತ್ತೆ?"

ನಾನು ಅಲ್ಲೇ ಅತ್ತುಬಿಟ್ಟೆ. ಬಿದ್ದವರು ತಮ್ಮ ಸೆರಗಿನಿಂದ ನನ್ನ ನೆಲವನ್ನು ಒರೆಸಿಟ್ಟಿದ್ದರು, ನಾನು ಗೋಡೆ ಮಾಸಿತೆಂದು ಗೊಣಗಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಬೇರೆ ಯಾವತ್ತೂ ಆಗಿಲ್ಲ. ಅತ್ತೆ ಮಾತ್ರ, "ಬಿಸಿಲಾಗೆ ಬಂದೀಯ, ಮೊದಲು ಮಜ್ಜಿಗೆ ಕುಡಿ," ಎಂದರು. ಕರೆದೆ, ಬರಲಿಲ್ಲ. ಭಯ ಹೋಗಲಿ, ಬರ್ತೀನಿ ಎಂದರು.

ಭಯ ತಾನಾಗಿ ಹೋಗುವಂಥದ್ದಲ್ಲ. ಮರುದಿನವೇ ಹೊನ್ನಾಳಿಯ ಅದೇ ಅಂಗಡಿಗೆ ಹೋದೆ. ಹೊಳಪಿಲ್ಲದ, ಮುಟ್ಟಿದರೆ ತರಿತರಿಯಾಗುವ ಬೂದು ಬಣ್ಣದ ನಾಲ್ಕೈದು ಬಗೆ ತೆಗೆಸಿ ಅಂಗಳದಲ್ಲಿ ನೆಲಕ್ಕೆ ಹಾಸಲು ಹೇಳಿದೆ. ಒಂದು ಬಕೆಟ್ ನೀರು ಕೇಳಿದೆ. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ನೀರು ಸುರಿದು ಒಂದೊಂದರ ಮೇಲೂ ಹಿಂದೆ ಮುಂದೆ ನಡೆದೆ. ಒಂದು ಜಾರಿತು, ಒಂದು ಚುಚ್ಚಿತು, ಮೂರನೆಯದು ಕಾಲನ್ನು ಹಿಡಿದುಕೊಂಡಿತು. ಅಂಗಡಿಯವನು ಇವಳಿಗೆ ಏನೋ ಆಗಿದೆ ಎಂಬಂತೆ ನೋಡುತ್ತಿದ್ದ. ನೋಡಲಿ. ನೆಲ ಆರಿಸುವುದನ್ನು ನಾನು ಕಣ್ಣಿಗೆ ಬಿಟ್ಟಿದ್ದೆ, ಬಿಡಬೇಕಾದ್ದು ಅಂಗಾಲಿಗೆ. ಅದೂ ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದ ಅಂಗಾಲಿಗೆ.

ಮೇಸ್ತ್ರಿ ಬಂದು ಬಾಗಿಲಿನಿಂದ ದೇವರ ಕೋಣೆಯವರೆಗೆ, ಅಲ್ಲಿಂದ ಅಡಿಗೆಮನೆಯವರೆಗೆ ಎರಡು ಸಾಲು ಬಿಳಿ ಟೈಲ್ಸ್ ಕೊಯ್ದು ತೆಗೆದು ಬೂದು ಟೈಲ್ಸ್ ಕೂರಿಸಿದರು. ಮೂರು ದಿನ ಮನೆ ತುಂಬ ಧೂಳು. 'ನಾನು ಅವತ್ತೇ ಹೇಳಿದ್ದೆನಲ್ಲ' ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ. ಆ ದೊಡ್ಡತನಕ್ಕೆ ದಿನಾ ಎರಡನೇ ಸಲವೂ ಕಾಫಿ ಕೊಟ್ಟೆ. ಬಿಳಿ ಪಂಚೆಗೆ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು ನಡುಮನೆ. ಬೀದಿಯ ಹೆಂಗಸರು ಬಂದು ನೋಡಿ, ಮಳೆಯ ಮಾತಾಡಿ ಹೋದರು.

ಯಜಮಾನರು ಹೋಗಿ ಅತ್ತೆಯನ್ನು ಕರೆತಂದರು. ಕಾಲು ತೊಳೆದು ಹೊಸ್ತಿಲ ಮುಂದೆ ನಿಂತವರು ಬಹಳ ಹೊತ್ತು ಒಳಗೆ ನೋಡಿದರು. ಕೈ ಕೊಡಲು ನಾನು ಮುಂದೆ ಹೋಗಲಿಲ್ಲ, ಹೋಗದೆ ಇರಲು ಬಹಳ ಕಷ್ಟವಾಯಿತು. ಒಂದು ಹೆಜ್ಜೆ ಇಟ್ಟು, ಅಂಗಾಲನ್ನು ಉಜ್ಜಿ ನೋಡಿ, ಇನ್ನೊಂದು ಇಟ್ಟರು. ಆಮೇಲೆ ದೇವರ ಕೋಣೆಗೆ ನಡೆದುಹೋದರು. "ಅಷ್ಟು ಚಂದ ಇದ್ದಿದ್ದನ್ನ ಕೆಡಿಸಿಬಿಟ್ಯಲ್ಲೇ, ಹುಚ್ಚಿ," ಎಂದು ಒಳಗಿನಿಂದಲೇ ಬೈದರು.

ಸಂಜೆ ನಾದಿನಿಯ ಫೋನ್ ಬಂತು. ನಾನು ಅಡಿಗೆಮನೆಯಲ್ಲಿದ್ದೆ. ಮಗಳು, ಬೇಸರವಾದರೆ ಯಾವಾಗ ಬೇಕಾದರೂ ಬಂದುಬಿಡು ಎಂದಿರಬೇಕು. ಅತ್ತೆ ನಡುಮನೆಯಲ್ಲಿ ನಿಂತು, ನಾನಲ್ಲೇ ಇದ್ದೇನೆಂಬುದು ಗೊತ್ತಿಲ್ಲದೆ ಹೇಳುತ್ತಿದ್ದರು:

"ನಾನ್ಯಾಕೆ ಬರ್ಲಿ ನಮ್ಮನೆ ಬಿಟ್ಟು? ನನ್ನ ಸೊಸೆ ನನಗೆ ಅಂತ ಮನೆಯೊಳಗೆ ದಾರಿ ಮಾಡ್ಸ್ಯಾಳೆ."