ಡಬ್ಬಿಗೊಂದು ತೊಟ್ಟು

ಕಾಗವಾಡದ ಸುಗಂಧಾಳಿಗೆ ಹೊಟ್ಟೆಕಿಚ್ಚು ಅಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಬಸದಿಯಲ್ಲಿ ಎಲ್ಲರ ಹಿಂದೆ ಕೂಡುವವಳು, ಮನೆಯಲ್ಲಿ ಎಲ್ಲರದೂ ಆದ ಮೇಲೆ ಊಟ ಮಾಡುವವಳು. ಆದರೆ ತಂಗಿ ಕಾಂಚನಳ ಪಡಸಾಲೆಯಲ್ಲಿ ಗಾಜು ಹಾಕಿಸಿ ತೂಗುಹಾಕಿದ್ದ ಆ ಒಂದು ಕಾಗದ ಕಣ್ಣಿಗೆ ಬಿದ್ದರೆ ಸಾಕು, ಒಳಗೆ ಧಗಧಗ ಉರಿಯುತ್ತಿತ್ತು. ಅದನ್ನು ಗಂಡ ಭಾವುಸಾಹೇಬನ ಮುಂದೆ ಮುಚ್ಚಿಡುತ್ತಲೂ ಇರಲಿಲ್ಲ.

"ಬೇದಾಣಾ ಮಾಡೂದು ಕಲಿಸಿದಾಕಿ ನಾನು. ಕಾಗದ ಮಾತ್ರ ಆಕಿಗೆ!"

"ಆಕಿ ನಿನ್ನ ತಂಗಿ ಅದಾಳಲ್ಲ," ಎನ್ನುತ್ತಿದ್ದ ಭಾವುಸಾಹೇಬ.

"ಅದಕ್ಕ ಜಾಸ್ತಿ ಉರಿತೈತಿ."

ಬೇದಾಣಾ ಅಂದರೆ ಒಣದ್ರಾಕ್ಷಿ. ಗೊನೆಗಳನ್ನು ಔಷಧಿಯ ನೀರಲ್ಲಿ ಎಷ್ಟು ಹೊತ್ತು ಅದ್ದಬೇಕು, ನೆರಳಲ್ಲಿ ಬಿಗಿದ ಬಲೆಯ ಮೇಲೆ ಎಷ್ಟು ತೆಳುವಾಗಿ ಹರವಬೇಕು, ಒಣಗಿದ ಮೇಲೆ ಹಣ್ಣು ಒಡೆಯದ ಹಾಗೆ ತೊಟ್ಟು ಹೇಗೆ ತಿಕ್ಕಿ ತೆಗೆಯಬೇಕು, ಎಲ್ಲವನ್ನೂ ಸುಗಂಧಾಳೇ ತಂಗಿಯ ಕೈ ಹಿಡಿದು ಕಲಿಸಿದ್ದಳು. ಕಾಂಚನ ಲಗ್ನವಾಗಿ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಮಿರಜ ತಾಲೂಕಿನ ಹಳ್ಳಿಗೆ ಹೋದಳು. ಎಷ್ಟೋ ವರ್ಷ ಇಬ್ಬರ ಮಾಲೂ ಸಾಂಗ್ಲಿಯ ಪೇಟೆಗೆ ಹೋಗಿ ಸಾಂಗ್ಲಿ ಬೇದಾಣಾ ಅಂತಲೇ ಮಾರಾಟವಾಯಿತು. ನಿಮ್ಮದು ಯಾವ ರಾಜ್ಯ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಆ ಹೆಸರಿಗೆ ಕಾನೂನಿನ ರಕ್ಷಣೆ ಬಂತು. ಆಚೆ ಕಡೆಯವರು, ಅದರಲ್ಲೂ ಹೆಸರು ನೋಂದಾಯಿಸಿದವರು ಮಾತ್ರ ಡಬ್ಬಿಯ ಮೇಲೆ 'ಸಾಂಗ್ಲಿ' ಅಂತ ಮುದ್ರಿಸಬಹುದು. ಕಾಂಚನ ನೋಂದಾಯಿಸಿದಳು, ಪ್ರಮಾಣಪತ್ರ ಬಂತು, ಗೋಡೆಗೇರಿತು. ಸುಗಂಧಾಳ ಡಬ್ಬಿಯ ಮೇಲೆ ಬರೀ 'ಒಣದ್ರಾಕ್ಷಿ' ಅಂತ ಉಳಿಯಿತು. ಆಕೆಯ ಮಾಲೇನು ಆಕಾಶದಿಂದ ಉದುರಿತ್ತೇ? ಅದಕ್ಕೂ ಒಂದು ಊರು ಬೇಡವೇ? ಅದೇ ಕಪ್ಪು ಮಣ್ಣು, ಅದೇ ಕೃಷ್ಣೆಯ ನೀರು, ನಡುವೆ ಇದ್ದದ್ದು ಏಳೆಂಟು ಮೈಲಿ ರಸ್ತೆ ಅಷ್ಟೇ.

ಈ ವರ್ಷ ಮಾರ್ಚ್‌ನಲ್ಲಿ ಅಕಾಲದ ಮಳೆ ಸುರಿದು ಕಾಂಚನಳ ಶೆಡ್ಡಿಗೆ ನೀರು ನುಗ್ಗಿತು. ಮಾಲೆಲ್ಲ ಕಪ್ಪಿಟ್ಟಿತು. ನೂರು ಡಬ್ಬಿಯ ಆರ್ಡರು ಮಾತ್ರ ಮೈಮೇಲೆ ನಿಂತಿತ್ತು. ಅವಳು ಅಕ್ಕನ ಮನೆಗೆ ಓಡಿ ಬಂದಳು.

"ಅಕ್ಕಾ, ನಿನ್ನ ಮಾಲು ಕೊಡು. ನನ್ನ ಡಬ್ಯಾಗ ತುಂಬ್ತೀನಿ. ಯಾರಿಗೂ ಹೇಳಬ್ಯಾಡ, ಗೊತ್ತಾದ್ರ ಪ್ರಮಾಣಪತ್ರ ಹೋಗ್ತೈತಿ."

ಈಗ ಬಂದಳು ದಾರಿಗೆ, ಎಂದುಕೊಂಡಳು ಸುಗಂಧಾ. ಬಾಯಲ್ಲಿ ಮಾತ್ರ, "ತಗೊಂಡು ಹೋಗ. ಡಬ್ಬಿ ತುಂಬೂ ಕೆಲಸ ನಂದು," ಎಂದಳು.

ಎರಡು ದಿನ ತಂಗಿಯ ಮನೆಯಲ್ಲಿ ಕೂತು ತುಂಬಿದಳು. ತುಂಬುವಾಗ ಪ್ರತಿ ಡಬ್ಬಿಯಲ್ಲೂ ತನ್ನ ಗುರುತಿಗೆ ತೊಟ್ಟು ಕೀಳದ ಒಂದೇ ಒಂದು ದ್ರಾಕ್ಷಿಯನ್ನು ಹುದುಗಿಸಿಟ್ಟಳು. ವ್ಯಾಪಾರಿ ಬಂದು ಭಲೇ ಅನ್ನಲಿ, ಆಗ ಎಲ್ಲರೆದುರು ಆ ತೊಟ್ಟು ತೋರಿಸಿ 'ಇದು ಕಾಗವಾಡದ ಮಾಲ್ರಿ, ನನ್ನ ಕೈದು' ಅನ್ನಬೇಕು. ತಂಗಿಯ ಕಾಗದ ಹೋಗುತ್ತದೆಯೇ? ಹೋಗಲಿ. ಎಷ್ಟು ವರ್ಷ ಅಂತ ನುಂಗಿಕೊಳ್ಳುವುದು?

ವ್ಯಾಪಾರಿ ಧನಪಾಲ ಸಾಂಗ್ಲಿಯವನು. ಅವನ ತಾಯಿಯ ತವರು ಅಥಣಿ, ಹಾಗಾಗಿ ಕನ್ನಡ ಸಲೀಸು. ಬಂದವನೇ ಒಂದು ಡಬ್ಬಿ ತೆರೆದು ತಟ್ಟೆಗೆ ಸುರಿದ. ಕಣ್ಣು ನೇರ ತೊಟ್ಟಿನ ಮೇಲೆ ಬಿತ್ತು. ಎರಡನೆಯದನ್ನು ಸುರಿದ. ಅಲ್ಲೂ ತೊಟ್ಟು.

"ಏನ್ರಿ ಇದು? ಸಾಂಗ್ಲಿ ಹೆಸರಿನ ಮಾಲಿನ್ಯಾಗ ತೊಟ್ಟು? ಇದನ್ನ ಒಯ್ದು ನಾ ಯಾರಿಗೆ ಮಾರಲಿ?"

ಸುಗಂಧಾಳಿಗೆ ತನ್ನದು ಅಂತ ಹೇಳುವ ಗಳಿಗೆ ಬಂದಿತ್ತು, ಆದರೆ ಈಗ ಹೇಳಿದರೆ ಕೆಟ್ಟ ಮಾಲು ತನ್ನದು ಅಂತ ಹೇಳಿದ ಹಾಗೆ. ಅಷ್ಟರಲ್ಲಿ ಕಾಂಚನ ಮುಂದೆ ಬಂದಳು.

"ತಪ್ಪು ನಂದ್ರಿ. ಗಡಿಬಿಡಿ ಒಳಗ ನಾನ ಸರಿಯಾಗಿ ತಿಕ್ಕಲಿಲ್ಲ."

ಧನಪಾಲ ನಾಲ್ಕು ಕಾಳು ಬಾಯಿಗೆ ಹಾಕಿ ನಿಧಾನವಾಗಿ ಅಗಿದ. ಮುಖ ಸಡಿಲಾಯಿತು. "ರುಚಿ ಮಾತ್ರ ಅಸ್ಸಲ್ ಸಾಂಗ್ಲೀದು. ಗಡಿ ಆ ಕಡ್ಯಾವ್ರಿಗೆ ಇದು ಬರಾಂಗಿಲ್ಲ. ತೊಟ್ಟು ತಗದಿಡ್ರಿ, ಸಂಜೀಕ ಗಾಡಿ ಕಳಸ್ತೀನಿ," ಎಂದು ಹೊರಟ.

ಜೀವಮಾನದಲ್ಲಿ ಸುಗಂಧಾಳಿಗೆ ಸಿಕ್ಕ ದೊಡ್ಡ ಹೊಗಳಿಕೆ ಅದು, ಅದೂ ಕಾಂಚನಳ ಡಬ್ಬಿಯ ಹೆಸರಿಗೇ ಹೋಯಿತು. ಆಕೆ ಕೂತು ಡಬ್ಬಿ ಬಿಚ್ಚತೊಡಗಿದಳು. ಬಿಚ್ಚುವುದು, ಎರಡು ಬೆರಳು ಇಳಿಸುವುದು, ತೊಟ್ಟಿನ ಕಾಳು ತೆಗೆಯುವುದು. ಪಕ್ಕದಲ್ಲಿ ಕಾಂಚನ ತನ್ನ ಮೊದಲ ಡಬ್ಬಿಯನ್ನು ಪೂರ್ತಿ ಸುರಿದು ಹುಡುಕುತ್ತಿರುವಾಗ ಸುಗಂಧಾಳದು ಹನ್ನೆರಡು ಮುಗಿದಿದ್ದವು.

ಕಾಂಚನಳ ಕೈ ನಿಂತಿತು. ಹದಿಮೂರನೆಯ ಡಬ್ಬಿಯನ್ನು ತಾನೇ ಎತ್ತಿಕೊಂಡು ಬಲಗಡೆಯ ಮೂಲೆಗೆ ಬೆರಳು ಹಾಕಿದಳು. ತೊಟ್ಟು ಸಿಕ್ಕಿತು. ಹದಿನಾಲ್ಕನೆಯದರಲ್ಲೂ ಅಲ್ಲೇ.

"ಎಲ್ಲಾದ್ರಾಗೂ ಬಲಗಡೆ ಮೂಲ್ಯಾಗ ಐತಲ್ಲ ಅಕ್ಕಾ?"

"ನಾನ ಇಟ್ಟೀನಿ," ಎಂದಳು ಸುಗಂಧಾ. "ಹೊಟ್ಟೆಕಿಚ್ಚಿಗೆ ಇಟ್ಟೀನಿ."

ಕಾಂಚನ ಗೋಡೆಯ ಮೇಲಿನ ಕಾಗದದ ಕಡೆ ನೋಡಲಿಲ್ಲ, ಅಕ್ಕನ ಕಡೆಯೂ ನೋಡಲಿಲ್ಲ. ತನ್ನ ಪಾಲಿನ ಡಬ್ಬಿಗಳನ್ನೆಲ್ಲ ಅಕ್ಕನ ಮುಂದಕ್ಕೆ ಸರಿಸಿ ಎದ್ದಳು.

"ಹಂಗಾರ ನೀನ ತಗಿ. ಇಟ್ಟ ಜಾಗಾ ನಿನಗ ಗೊತ್ತೈತಿ."